ಗೋಣಿಚೀಲ ಕಟ್ಟಿದ ಪಟ್ಟಣ

ಗೋಣಿಚೀಲವನ್ನು ಕಾಣದ ಕನ್ನಡದ ಮನೆ ಇರಲಾರದು. ಅಕ್ಕಿ, ರಾಗಿ, ಒಣಮೆಣಸಿನಕಾಯಿಗಳನ್ನು ಸಂತೆಗೆ ತಂದದ್ದು ಅದೇ ಚೀಲ. ಮಳೆಗಾಲದಲ್ಲಿ ಅದನ್ನೇ ಕೊಪ್ಪೆ ಮಾಡಿ ತಲೆಗೆ ಹಾಕಿಕೊಂಡು ಗದ್ದೆಗೆ ಹೋಗುತ್ತಿದ್ದವರನ್ನು ನಿಮ್ಮ ಅಜ್ಜ ಅಜ್ಜಿಯರು ಬಲ್ಲರು. ಹರಿದ ಮೇಲೂ ಅದು ಬಾಗಿಲ ಬಳಿ ಕಾಲೊರಸಾಗಿ ಉಳಿಯುತ್ತದೆ. ಇಂಗ್ಲಿಷಿನ ‘ಗನ್ನಿ’ ಎಂಬ ಮಾತು ಕೂಡ ನಮ್ಮ ‘ಗೋಣಿ’ಯ ನಂಟೇ. ಇಷ್ಟು ಪರಿಚಿತವಾದ ಈ ವಸ್ತುವಿಗೂ ಎಂಟು ಸಾವಿರ ಕಿಲೋಮೀಟರಿಗಿಂತ ದೂರದಲ್ಲಿರುವ ಸ್ಕಾಟ್ಲೆಂಡಿನ ಒಂದು ಪಟ್ಟಣಕ್ಕೂ ಏನು ಸಂಬಂಧ?

ಆ ಪಟ್ಟಣದ ಹೆಸರು ಡಂಡಿ. ಬಂಗಾಳದ ಸೆಣಬಿನಿಂದ ಅದು ಬೆಳೆಯಿತು. ಸೆಣಬಿನ ಹಣದಿಂದ ಸಭಾಭವನ, ವಸ್ತುಸಂಗ್ರಹಾಲಯಗಳನ್ನು ಕಟ್ಟಿಕೊಂಡಿತು. ಮುಂದೆ ತನ್ನ ಹಳೆಯ ಬೀದಿಗಳನ್ನು ತಾನೇ ಕೆಡವಿ ವ್ಯಾಪಾರ ಸಂಕೀರ್ಣಗಳನ್ನು ಎಬ್ಬಿಸಿತು. ಇತ್ತೀಚೆಗೆ, ಉಳಿದಿರುವುದನ್ನು ಕಾಪಾಡಿಕೊಳ್ಳಲು ಶ್ರಮಿಸುತ್ತಿದೆ. ಒಂದು ಊರು ಯಾವುದನ್ನು ಉಳಿಸಿಕೊಳ್ಳುತ್ತದೆ, ಯಾವುದನ್ನು ಬಿಟ್ಟುಕೊಡುತ್ತದೆ, ಅದನ್ನು ತೀರ್ಮಾನಿಸುವವರು ಯಾರು ಎಂಬ ಪ್ರಶ್ನೆಗಳನ್ನು ವಿಚಾರ ಮಾಡಲು ಡಂಡಿಯ ಚರಿತ್ರೆ ಬಹಳ ಒಳ್ಳೆಯ ಉದಾಹರಣೆ.

ಬೀದಿಯ ಹೆಸರಿನಲ್ಲಿ ಅಡಗಿದ ಚರಿತ್ರೆ

ಸ್ಕಾಟ್ಲೆಂಡಿನ ಪೂರ್ವ ಕರಾವಳಿಯಲ್ಲಿ ಟೇ ನದಿ ಸಮುದ್ರವನ್ನು ಸೇರುವ ವಿಶಾಲವಾದ ಅಳಿವೆಯ ಉತ್ತರ ದಂಡೆಯ ಮೇಲೆ ಡಂಡಿ ಇದೆ. ಊರ ನಡುವೆ ‘ಲಾ’ ಎಂಬ ಗುಡ್ಡ ನಿಂತಿದೆ. ಬಹು ಹಿಂದೆ ಆರಿಹೋದ ಜ್ವಾಲಾಮುಖಿಯೊಂದರ ಅವಶೇಷ ಅದು. ಗುಡ್ಡಕ್ಕೂ ನೀರಿಗೂ ನಡುವಿನ ಇಳಿಜಾರಿನಲ್ಲಿ ಊರು ಹಬ್ಬಿದೆ.

ನಕಾಶೆಯಲ್ಲಿ ಅಲ್ಲಿಯ ಬೀದಿಗಳ ಹೆಸರನ್ನು ನೋಡಿ: ಓವರ್‌ಗೇಟ್, ನೆದರ್‌ಗೇಟ್, ಸೀಗೇಟ್, ಕೌಗೇಟ್, ವೆಲ್‌ಗೇಟ್. ಇಲ್ಲಿ ‘ಗೇಟ್’ ಎಂದರೆ ಬಾಗಿಲು ಎಂದು ತಿಳಿಯಬೇಡಿ. ಹಳೆಯ ಸ್ಕಾಟ್ಸ್ ನುಡಿಯಲ್ಲಿ ಆ ಪದಕ್ಕೆ ಬೀದಿ, ದಾರಿ ಎಂದೇ ಅರ್ಥ. ಓವರ್‌ಗೇಟ್ ಮೇಲಿನ ಬೀದಿ, ನೆದರ್‌ಗೇಟ್ ಕೆಳಗಿನ ಬೀದಿ, ಸೀಗೇಟ್ ಕಡಲ ಬೀದಿ, ಕೌಗೇಟ್ ದನಗಳನ್ನು ಹೊಡೆದುಕೊಂಡು ಹೋಗುತ್ತಿದ್ದ ದಾರಿ, ವೆಲ್‌ಗೇಟ್ ಬಾವಿಯ ಬೀದಿ. ಕೋಟೆಯ ಗೋಡೆ ಹೋಯಿತು, ದನಗಳು ಹೋದವು, ಬಾವಿಯೂ ಹೋಯಿತು. ಹೆಸರುಗಳು ಮಾತ್ರ ನಿಂತಿವೆ. ಇಂದು ಅವುಗಳಲ್ಲಿ ಎರಡು ಷಾಪಿಂಗ್ ಸೆಂಟರುಗಳ ಹೆಸರಾಗಿ ಉಳಿದಿವೆ ಎಂಬುದನ್ನು ನೆನಪಿನಲ್ಲಿಡಿ. ಅವುಗಳ ಕಥೆಗೆ ಮುಂದೆ ಬರೋಣ.

ಊರಿನ ಹಳೆಯ ಸಭಾಸ್ಥಾನ ಯಾವುದೆಂದು ಕೇಳಿದರೆ ನಿಮಗೆ ಆಶ್ಚರ್ಯವಾದೀತು. ಅದೊಂದು ಸ್ಮಶಾನ! 1564ರಲ್ಲಿ ರಾಣಿ ಮೇರಿ, ಹಿಂದೆ ಕ್ರೈಸ್ತ ಸಂನ್ಯಾಸಿಗಳ ಮಠವಿದ್ದ ಜಾಗವನ್ನು ಶವಸಂಸ್ಕಾರಕ್ಕಾಗಿ ಊರಿಗೆ ಕೊಟ್ಟಳು. ರೊಟ್ಟಿ ಸುಡುವವರು, ಚಮ್ಮಾರರು, ಕೈಗವಸು ಮಾಡುವವರು, ದರ್ಜಿಗಳು, ಟೋಪಿ ಹೆಣೆಯುವವರು, ಕಟುಕರು, ಕಮ್ಮಾರರು, ನೇಕಾರರು, ಬಣ್ಣಗಾರರು – ಹೀಗೆ ಒಂಬತ್ತು ವೃತ್ತಿ ಸಂಘಗಳವರು ಸಮಾಧಿಗಳ ನಡುವೆಯೇ ಸಭೆ ಸೇರಿ ತಮ್ಮ ತಮ್ಮ ಕಸುಬಿನ ಕಟ್ಟುಪಾಡುಗಳನ್ನು ಮಾಡಿಕೊಳ್ಳುತ್ತಿದ್ದರು. 1776ರಲ್ಲಿ ಅವರಿಗೆ ಸ್ವಂತ ಭವನವಾಗುವವರೆಗೂ ಈ ಪದ್ಧತಿ ನಡೆಯಿತು. ಆ ಜಾಗಕ್ಕೆ ಇಂದಿಗೂ ‘ಹೌಫ್’ ಎಂದೇ ಹೆಸರು. ಜನ ಕೂಡುವ ತಾಣ ಎಂಬುದು ಆ ಮಾತಿನ ಅರ್ಥ. ಕಸುಬುದಾರರ ಗುರುತುಗಳನ್ನು ಕೆತ್ತಿದ ಸಮಾಧಿ ಕಲ್ಲುಗಳು ಈಗಲೂ ಅಲ್ಲಿವೆ.

ತಿಮಿಂಗಿಲದ ಎಣ್ಣೆ ಮತ್ತು ಬಂಗಾಳದ ನಾರು

ಡಂಡಿ ಮೊದಲಿನಿಂದಲೂ ನೇಕಾರರ ಊರು. ರಷ್ಯಾದ ಕಡೆಯಿಂದ ಬರುತ್ತಿದ್ದ ಅಗಸೆ ನಾರಿನಿಂದ ಅಲ್ಲಿ ಲಿನನ್ ಬಟ್ಟೆ ನೇಯುತ್ತಿದ್ದರು. ಸೆಣಬು ಅಗ್ಗದ ನಾರೇನೋ ಹೌದು. ಆದರೆ ಅದು ಒರಟು, ಬಿರುಸು. ಯಂತ್ರಕ್ಕೆ ಹಾಕಿದರೆ ಕಡಿದು ಹೋಗುತ್ತಿತ್ತು. ತಿಮಿಂಗಿಲದ ಎಣ್ಣೆಯನ್ನೂ ನೀರನ್ನೂ ಸೇರಿಸಿ ನೆನೆಸಿದರೆ ನಾರು ಮೆತ್ತಗಾಗುತ್ತದೆ ಎಂಬುದು ಕಂಡುಬಂದ ಮೇಲೆ ಪರಿಸ್ಥಿತಿ ಬದಲಾಯಿತು. ಡಂಡಿ ತಿಮಿಂಗಿಲ ಬೇಟೆಯ ಬಂದರೂ ಆಗಿದ್ದುದರಿಂದ ಎಣ್ಣೆಗೆ ಕೊರತೆಯಿರಲಿಲ್ಲ. ನೇಯುವ ಕೈಗಳಿದ್ದವು, ಹಡಗುಗಳಿದ್ದವು. 1830ರ ದಶಕದಲ್ಲಿ ಗಿರಣಿಗಳು ಸೆಣಬಿನ ನೂಲನ್ನು ತೆಗೆಯಲಾರಂಭಿಸಿದವು.

ಆಮೇಲೆ ದೂರದ ಯುದ್ಧಗಳು ಡಂಡಿಯ ಅದೃಷ್ಟವನ್ನು ತೆರೆದವು. 1853ರಿಂದ 1856ರವರೆಗೆ ನಡೆದ ಕ್ರಿಮಿಯಾ ಯುದ್ಧದಿಂದ ರಷ್ಯಾದ ಅಗಸೆ ನಾರು ಬರುವುದು ನಿಂತಾಗ ಸೆಣಬಿಗೆ ಬೇಡಿಕೆ ಬಂತು. 1861ರಲ್ಲಿ ಶುರುವಾದ ಅಮೆರಿಕದ ಅಂತರ್ಯುದ್ಧದಲ್ಲಿ ಹತ್ತಿಯ ಅಭಾವವಾಗಿ ಬೇಡಿಕೆ ಇನ್ನೂ ಏರಿತು. ಪ್ರಪಂಚದ ಧಾನ್ಯ, ಕಾಫಿ, ಸಕ್ಕರೆಗಳೆಲ್ಲ ಸೆಣಬಿನ ಚೀಲ ಸೇರಿದವು. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಸುಮಾರು 50,000 ಮಂದಿಗೆ ಇದೇ ಜೀವನಾಧಾರ. ಲಾಕಿ ಎಂಬ ಬಡಾವಣೆಯಲ್ಲಿದ್ದ ಕ್ಯಾಂಪರ್‌ಡೌನ್ ಗಿರಣಿಯೊಂದರಲ್ಲೇ ಸುಮಾರು 5,000 ಕೆಲಸಗಾರರಿದ್ದರು. 1865–66ರಲ್ಲಿ ಕಟ್ಟಿದ ಅದರ 282 ಅಡಿ ಎತ್ತರದ, ಬಣ್ಣದ ಇಟ್ಟಿಗೆಗಳ ಹೊಗೆಗೊಳವೆ ಇಂದಿಗೂ ಊರ ಮೇಲೆ ತಲೆಯೆತ್ತಿ ನಿಂತಿದೆ.

ಈ ಗಿರಣಿಗಳಲ್ಲಿ ದುಡಿದವರು ಯಾರು? ಬಹುಪಾಲು ಹೆಂಗಸರು ಮತ್ತು ಮಕ್ಕಳು. ಹೆಂಗಸರಿಗೆ ಕಡಿಮೆ ಕೂಲಿ ಕೊಟ್ಟರೆ ಸಾಕಿತ್ತು. ಹುಡುಗರು ಬೆಳೆದು ಗಂಡಸರ ಕೂಲಿ ಕೇಳುವ ವಯಸ್ಸಿಗೆ ಬಂದೊಡನೆ ಅನೇಕರನ್ನು ಕೆಲಸದಿಂದ ತೆಗೆಯುತ್ತಿದ್ದರು. ಹೀಗಾಗಿ ಹೆಂಡತಿ ಗಿರಣಿಗೆ ಹೋಗಿ ದುಡಿದು ತರುವುದು, ಗಂಡ ಮನೆಯಲ್ಲಿ ಮಕ್ಕಳನ್ನು ನೋಡಿಕೊಳ್ಳುವುದು ಅಲ್ಲಿ ಸಾಮಾನ್ಯವಾಯಿತು. ಅಂಥ ಗಂಡಸರನ್ನು ‘ನೀರು ಕಾಯಿಸುವವರು’ ಎಂದು ಊರವರು ಹಾಸ್ಯ ಮಾಡುತ್ತಿದ್ದರು. ಮಗ್ಗಗಳ ಅಬ್ಬರದಲ್ಲಿ ಪಕ್ಕದವರ ಮಾತೂ ಕೇಳಿಸುತ್ತಿರಲಿಲ್ಲ. ಆದ್ದರಿಂದ ಹೆಂಗಸರು ತುಟಿಯ ಚಲನೆಯನ್ನು ನೋಡಿಯೇ ಮಾತನ್ನು ಗ್ರಹಿಸಲು, ಕೈಸನ್ನೆಯಿಂದಲೇ ಸುದ್ದಿ ಹೇಳಲು ಕಲಿತರು. ಹಲವರ ಕಿವಿ ಶಾಶ್ವತವಾಗಿ ಮಂದವಾಯಿತು. ನಾರಿನ ಧೂಳು ಎದೆಗೆ ಹೊಕ್ಕಿತು. ಗಿರಣಿಯ ಲಾಭದ ಲೆಕ್ಕ ಹಾಕುವಾಗ ಇವನ್ನೂ ಪಕ್ಕದಲ್ಲಿ ಬರೆದುಕೊಳ್ಳಬೇಕು.

ದಾನದ ಭವನಗಳು

ಸೆಣಬಿನ ಒಡೆಯರಲ್ಲಿ ಕೆಲವರು ಗಳಿಸಿದ್ದರಲ್ಲಿ ಒಂದಷ್ಟನ್ನು ಊರಿಗೇ ಕೊಟ್ಟರು. ಅವರಲ್ಲಿ ಮುಖ್ಯನಾದವನು ಜೇಮ್ಸ್ ಕೇರ್ಡ್. ದಕ್ಷಿಣ ಧ್ರುವ ಪ್ರದೇಶಕ್ಕೆ ಹೊರಟ ಶ್ಯಾಕಲ್‌ಟನ್‌ನ ಯಾತ್ರೆಗೆ ಧನಸಹಾಯ ಮಾಡಿದವನೂ ಇವನೇ. ಆ ಯಾತ್ರೆಯ ಪ್ರಸಿದ್ಧ ದೋಣಿಗೆ ಇವನದೇ ಹೆಸರು. ಹೊಸ ನಗರಭವನಕ್ಕಾಗಿ ಕೇರ್ಡ್ 1,00,000 ಪೌಂಡುಗಳನ್ನು ದಾನವಾಗಿ ಕೊಟ್ಟ. 1914ರ ಜುಲೈನಲ್ಲಿ ಐದನೆಯ ಜಾರ್ಜ್ ದೊರೆ, ಕೇರ್ಡನ ಗಿರಣಿಯಲ್ಲಿ ನಿಂತೇ ಒಂದು ವಿದ್ಯುತ್ ಗುಂಡಿಯನ್ನೊತ್ತಿ ದೂರದ ನಿವೇಶನದಲ್ಲಿ ಅಸ್ತಿಭಾರದ ಕಲ್ಲನ್ನು ಇಳಿಸಿದ. ಮರು ತಿಂಗಳೇ ಮಹಾಯುದ್ಧ ಆರಂಭವಾಯಿತು. 1916ರಲ್ಲಿ ಕೇರ್ಡ್ ತೀರಿಕೊಂಡ. ಅವನ ತಂಗಿ ಮ್ಯಾರಿಯಟ್ ಮತ್ತಷ್ಟು ಹಣ ಕೊಟ್ಟಳು. 1923ರಲ್ಲಿ ಕೇರ್ಡ್ ಹಾಲ್ ತೆರೆಯಿತು. ಅದರ ದೊಡ್ಡ ಆರ್ಗನ್ ವಾದ್ಯ ಹೇಗಿರಬೇಕೆಂದು ಸಲಹೆ ಕೊಟ್ಟವನು ಆಲ್ಫ್ರೆಡ್ ಹಾಲಿನ್ಸ್ ಎಂಬ ಕುರುಡ ಸಂಗೀತಗಾರ. 1963 ಮತ್ತು 1964ರಲ್ಲಿ ಬೀಟಲ್ಸ್ ತಂಡ ಹಾಡಿದ್ದೂ ಇದೇ ಭವನದಲ್ಲಿ.

ಇದಕ್ಕೂ ಮೊದಲೇ, 1867ರಲ್ಲಿ, ಆಲ್ಬರ್ಟ್ ಇನ್ಸ್ಟಿಟ್ಯೂಟ್ ಎಂಬ ವಿದ್ಯಾಸಂಸ್ಥೆಯ ಭವ್ಯ ಕಟ್ಟಡ ಊರ ನಡುವೆ ಮೇಲೆದ್ದಿತ್ತು. ಇಂದು ಅದು ಮ್ಯಾಕ್‌ಮ್ಯಾನಸ್ ವಸ್ತುಸಂಗ್ರಹಾಲಯ. ಸಂಗೀತ, ಪುಸ್ತಕ, ಚಿತ್ರ – ಇವೆಲ್ಲ ಊರಿನ ಸಾಮಾನ್ಯರಿಗೆ ದೊರಕಿದವು ಎಂಬುದು ಸಣ್ಣ ಮಾತಲ್ಲ. ಆದರೆ ಗೋಡೆಯ ಮೇಲೆ ಕೆತ್ತಿದ್ದು ದಾನಿಯ ಹೆಸರು. ಮಗ್ಗದ ಮುಂದೆ ನಿಂತ ಹೆಂಗಸಿನ ಹೆಸರಾಗಲಿ, ಬಂಗಾಳದಲ್ಲಿ ಸೊಂಟಮಟ್ಟ ನೀರಿಗಿಳಿದು ಕೊಳೆತ ಸೆಣಬಿನ ನಾರು ಸುಲಿದ ರೈತನ ಹೆಸರಾಗಲಿ ಅಲ್ಲಿಲ್ಲ.

ಕೆಡವಿದ ಕಾಲ

ಹೊಸ ಭವನಕ್ಕೆ ಇನ್ನೊಂದು ಬೆಲೆಯನ್ನೂ ತೆರಬೇಕಾಯಿತು. ಕೇರ್ಡ್ ಹಾಲಿನ ಮುಂದೆ ವಿಶಾಲವಾದ ಚೌಕವಾಗಬೇಕೆಂದು 1732–34ರಲ್ಲಿ ವಿಲಿಯಂ ಆಡಂ ಎಂಬ ವಾಸ್ತುಶಿಲ್ಪಿ ಕಟ್ಟಿದ್ದ ಹಳೆಯ ಪುರಭವನವನ್ನು 1932ರಲ್ಲಿ ಕೆಡವಿಹಾಕಿದರು. ಅದರ ಕೆಳಗಿನ ಕಂಬಗಳ ಸಾಲಿನಲ್ಲಿ ಜನ ಮಳೆಗೆ ನಿಲ್ಲುತ್ತಿದ್ದರು, ಗೆಳೆಯರಿಗಾಗಿ ಕಾಯುತ್ತಿದ್ದರು. ಅದನ್ನು ಪ್ರೀತಿಯಿಂದ ‘ಪಿಲ್ಲರ್ಸ್’, ಅಂದರೆ ಕಂಬಗಳು, ಎಂದೇ ಕರೆಯುತ್ತಿದ್ದರು. ಚೌಕ ಬಂತು, ಕಂಬಗಳು ಹೋದವು.

1844ರಲ್ಲಿ ವಿಕ್ಟೋರಿಯಾ ರಾಣಿ ಡಂಡಿಯಲ್ಲಿ ಬಂದಿಳಿದುದರ ನೆನಪಿಗೆ ಬಂದರಿನಲ್ಲಿ ಕಟ್ಟಿದ್ದ ಕಲ್ಲಿನ ಮಹಾದ್ವಾರಕ್ಕೂ ಇದೇ ಗತಿಯಾಯಿತು. ಟೇ ನದಿಯ ಮೇಲೆ ರಸ್ತೆ ಸೇತುವೆ ಬರಬೇಕಾಗಿತ್ತು. 1964ರಲ್ಲಿ ಮಹಾದ್ವಾರವನ್ನು ಕೆಡವಿದರು, ಹಳೆಯ ಹಡಗುಕಟ್ಟೆಗಳನ್ನು ಮುಚ್ಚಿದರು. 1966ರಲ್ಲಿ ಸೇತುವೆ ತೆರೆಯಿತು. ವಾಹನಗಳಿಗೆ ಅನುಕೂಲವಾಯಿತು, ನಡೆದು ಹೋಗುವವನಿಗೂ ನದಿಗೂ ನಡುವೆ ಅಗಲವಾದ ರಸ್ತೆಗಳು ಬಂದವು. ನೀರಿನಿಂದ ಹುಟ್ಟಿದ ಊರು ನೀರಿಗೆ ಬೆನ್ನು ಮಾಡಿ ಕುಳಿತಂತಾಯಿತು.

ಇನ್ನು ನಮ್ಮ ಬೀದಿಗಳ ಕಥೆ. ಓವರ್‌ಗೇಟ್ ಶತಮಾನಗಳ ಹಳೆಯ ಇಕ್ಕಟ್ಟಾದ ಬೀದಿ. ಸಂದಿಗೊಂದಿಗಳು, ಸಣ್ಣ ಅಂಗಡಿಗಳು, ಒಂದರ ಮೇಲೊಂದು ಮಹಡಿಯಲ್ಲಿ ಒತ್ತೊತ್ತಾಗಿ ಬದುಕುತ್ತಿದ್ದ ಸಂಸಾರಗಳು. 1960ರ ದಶಕದಲ್ಲಿ ಅದನ್ನು ಕೆಡವಿ ಕಾಂಕ್ರೀಟಿನ ಷಾಪಿಂಗ್ ಸೆಂಟರ್ ಕಟ್ಟಿದರು. ಮುಂದಿನ ಸರದಿ ವೆಲ್‌ಗೇಟ್ ಬೀದಿಯದು. 1978ರಲ್ಲಿ ಅಲ್ಲಿಯೂ ಸೂರಿನಡಿಯ ವ್ಯಾಪಾರ ಸಂಕೀರ್ಣ ತೆರೆಯಿತು. ನಗರದ ಕೇಂದ್ರ ಗ್ರಂಥಾಲಯಕ್ಕೂ ಅಲ್ಲಿಯೇ ಜಾಗ ದೊರೆಯಿತು.

ಇಲ್ಲಿ ಆತುರದ ತೀರ್ಪು ಬೇಡ. ಕೆಡವಿದವರೆಲ್ಲ ಊರಿನ ಶತ್ರುಗಳೆಂದು ಹೇಳುವುದು ಸುಲಭ, ಆದರೆ ನ್ಯಾಯವಲ್ಲ. ಹಳೆಯ ಮನೆಗಳಲ್ಲಿ ಗಾಳಿ ಬೆಳಕು ಸಾಲದು, ಹಲವು ಸಂಸಾರಗಳಿಗೆ ಒಂದೇ ಶೌಚಾಲಯ. ಅಲ್ಲಿ ಬದುಕಿದವರಿಗೆ ಹೊಸ ಮನೆ, ನಲ್ಲಿ ನೀರು ಬೇಕಾಗಿತ್ತು. ಹಳೆಯದರ ಸೊಬಗನ್ನು ಕೊಂಡಾಡುವವರು ಅದರೊಳಗೆ ಬಾಳಿದವರ ಕಷ್ಟವನ್ನೂ ಕೇಳಬೇಕು. ಆದರೆ ಕೊಳಕನ್ನು ತೊಳೆಯಲು ಹೋಗಿ ಬೀದಿಯನ್ನೇ ಅಳಿಸಬೇಕಾಗಿತ್ತೆ ಎಂಬ ಪ್ರಶ್ನೆ ಉಳಿಯುತ್ತದೆ. ಬೀದಿಗೂ ಷಾಪಿಂಗ್ ಸೆಂಟರಿಗೂ ಒಂದು ಮೂಲಭೂತ ವ್ಯತ್ಯಾಸವಿದೆ. ಬೀದಿ ಎಲ್ಲರದು, ಕೊಳ್ಳಲು ಕಾಸಿಲ್ಲದವನೂ ಅಲ್ಲಿ ನಿಲ್ಲಬಹುದು, ಹರಟಬಹುದು, ಮೆರವಣಿಗೆ ಹೋಗಬಹುದು. ಸೆಂಟರಿನೊಳಗಿನ ಹಾದಿಗೆ ಒಬ್ಬ ಒಡೆಯನಿದ್ದಾನೆ. ರಾತ್ರಿಯಾದರೆ ಅದರ ಬಾಗಿಲು ಮುಚ್ಚುತ್ತದೆ.

ಕಾಂಕ್ರೀಟಿನ ಓವರ್‌ಗೇಟ್ ನಲವತ್ತು ವರ್ಷವೂ ಬಾಳಲಿಲ್ಲ. ಅದರ ಜಾಗದಲ್ಲಿ 2000ದಲ್ಲಿ ಹೊಸ ಓವರ್‌ಗೇಟ್ ತೆರೆಯಿತು. ಈ ಸಲ ಒಂದು ಬದಿಗೆ ಉದ್ದಕ್ಕೂ ಗಾಜಿನ ಗೋಡೆ ಇಟ್ಟರು. ಒಳಗೆ ನಡೆಯುವವರಿಗೆ ಎದುರಿಗೇ ಹದಿನೈದನೆಯ ಶತಮಾನದ ಸೇಂಟ್ ಮೇರಿ ಗೋಪುರ ಕಾಣುತ್ತದೆ. ಹೊಸ ಕಟ್ಟಡ ಹಳೆಯದಕ್ಕೆ ಮುಖ ಮಾಡಿ ನಿಂತಿದೆ. ಮೂವತ್ತು ವರ್ಷಗಳಲ್ಲಿ ಊರಿನ ಮನಸ್ಸು ಎಷ್ಟು ಬದಲಾಗಿತ್ತು ಎಂಬುದಕ್ಕೆ ಈ ಗಾಜಿನ ಗೋಡೆಯೇ ಸಾಕ್ಷಿ. ಆದರೂ ವ್ಯಾಪಾರದ ಗಾಳಿ ಎತ್ತ ಬೀಸುತ್ತದೆಂದು ಹೇಳುವವರಾರು? 2016ರಲ್ಲಿ ಬ್ರಿಟಿಷ್ ಹೋಂ ಸ್ಟೋರ್ಸ್, 2021ರಲ್ಲಿ ಡೆಬೆನ್‌ಹ್ಯಾಮ್ಸ್ ದೇಶದಾದ್ಯಂತ ಬಾಗಿಲು ಹಾಕಿದಾಗ ವೆಲ್‌ಗೇಟ್, ಓವರ್‌ಗೇಟ್‌ಗಳಲ್ಲಿದ್ದ ಅವುಗಳ ಮಳಿಗೆಗಳೂ ಹೋದವು. ಬೀದಿಯನ್ನು ನುಂಗಿದ ಸೆಂಟರುಗಳನ್ನೂ ಕಾಲ ಕಾಡದೆ ಬಿಡಲಿಲ್ಲ.

ಹೂಗ್ಲಿ ದಂಡೆಯ ಪ್ರತಿಬಿಂಬ

ಇಷ್ಟರಲ್ಲಿ ಸೆಣಬಿಗೆ ಏನಾಯಿತು? ಬೆಳೆ ಬಂಗಾಳದಲ್ಲಿ, ಗಿರಣಿ ಸ್ಕಾಟ್ಲೆಂಡಿನಲ್ಲಿ ಎಂಬ ಏರ್ಪಾಡು ಬಹಳ ಕಾಲ ನಡೆಯುವಂತಿರಲಿಲ್ಲ. 1855ರಲ್ಲೇ ಜಾರ್ಜ್ ಆಕ್ಲೆಂಡ್ ಎಂಬಾತ ಡಂಡಿಯಿಂದ ಯಂತ್ರಗಳನ್ನು ತರಿಸಿ ಕಲ್ಕತ್ತೆಯ ಬಳಿ ಹೂಗ್ಲಿ ನದಿಯ ದಂಡೆಯ ರಿಶ್ರಾದಲ್ಲಿ ಗಿರಣಿ ಹಾಕಿದ. ಯಂತ್ರ ಡಂಡಿಯದು, ಮೇಲ್ವಿಚಾರಕರೂ ಡಂಡಿಯವರು. ಕೂಲಿಗಳು ಮಾತ್ರ ನಮ್ಮವರು, ಕೂಲಿಯೂ ಅಲ್ಲಿಯದಕ್ಕಿಂತ ಬಹಳ ಕಡಿಮೆ. ಹತ್ತೊಂಬತ್ತನೆಯ ಶತಮಾನ ಮುಗಿಯುವ ಹೊತ್ತಿಗೆ ಕಲ್ಕತ್ತೆ ಡಂಡಿಯನ್ನು ಹಿಂದೆ ಹಾಕಿತ್ತು. ಹೀಗೆ ಬಂದ ಡಂಡಿಯವರಲ್ಲಿ ಅನೇಕರು ಊರಿಗೆ ಮರಳಲಿಲ್ಲ. ಕೊಲ್ಕತ್ತಾದ ಸ್ಕಾಟಿಷ್ ಸ್ಮಶಾನದಲ್ಲಿ ಅವರ ಸಮಾಧಿಗಳಿವೆ. ಒಂದೇ ಸಾಮ್ರಾಜ್ಯದೊಳಗೆ ಎರಡು ಊರುಗಳ ಬಡವರನ್ನು ಪರಸ್ಪರ ಪೈಪೋಟಿಗೆ ನಿಲ್ಲಿಸಿದ ಬಗೆಯಿದು. ಡಂಡಿಯ ಹೆಂಗಸಿಗೂ ರಿಶ್ರಾದ ಕೂಲಿಗೂ ಒಬ್ಬರ ಮುಖವನ್ನೊಬ್ಬರು ನೋಡುವ ಅವಕಾಶವೇ ಬರಲಿಲ್ಲ.

1947ರ ದೇಶ ವಿಭಜನೆಯಲ್ಲಿ ಸೆಣಬು ಬೆಳೆಯುವ ಹೊಲಗಳ ಬಹುಭಾಗ ಪೂರ್ವ ಬಂಗಾಳಕ್ಕೆ, ಗಿರಣಿಗಳು ಭಾರತಕ್ಕೆ ಬಂದುದನ್ನು ನೀವು ಪಠ್ಯಪುಸ್ತಕಗಳಲ್ಲಿ ಓದಿರಬಹುದು. ಅತ್ತ ಪ್ಲಾಸ್ಟಿಕ್ ಚೀಲ ಬಂತು. 1981ರಲ್ಲಿ ಕ್ಯಾಂಪರ್‌ಡೌನ್ ಗಿರಣಿ ಮುಚ್ಚಿತು. 1998ರಲ್ಲಿ ಬಾಂಗ್ಲಾದೇಶದಿಂದ ಕೊನೆಯ ಸೆಣಬಿನ ಹಡಗು ಡಂಡಿಯ ಬಂದರಿಗೆ ಬಂತು. ಮರು ವರ್ಷ ಊರಿನ ಕೊನೆಯ ಸೆಣಬಿನ ಗಿರಣಿಯೂ ನಿಂತಿತು. ಅದರ ಯಂತ್ರಗಳನ್ನು ಕೊಲ್ಕತ್ತಾ ಕೊಂಡುಕೊಂಡಿತು.

ಉಳಿಸಿಕೊಂಡದ್ದು

ಕೆಲಸ ಹೋದ ಊರಿಗೆ ನೆನಪಿನ ಬೆಲೆ ತಿಳಿಯತೊಡಗಿತು. 1901ರಲ್ಲಿ ಡಂಡಿಯಲ್ಲೇ ಕಟ್ಟಿದ, ಸ್ಕಾಟ್ ನಾಯಕನ ಅಂಟಾರ್ಕ್‌ಟಿಕಾ ಯಾತ್ರೆಯ ‘ಡಿಸ್ಕವರಿ’ ಹಡಗನ್ನು 1986ರಲ್ಲಿ ತವರಿಗೆ ಕರೆತಂದರು. 1833ರ ವರ್ಡೆಂಟ್ ಗಿರಣಿಯನ್ನು ದುರಸ್ತಿ ಮಾಡಿ 1996ರಲ್ಲಿ ಸೆಣಬಿನ ವಸ್ತುಸಂಗ್ರಹಾಲಯವಾಗಿ ತೆರೆದರು. ಅಲ್ಲಿ ಯಂತ್ರಗಳು ಈಗಲೂ ತಿರುಗುತ್ತವೆ. ಗಿರಣಿಯ ಹೆಂಗಸರ ಬದುಕು ಅಲ್ಲಿ ಮುಖ್ಯ ವಿಷಯ. ಭವನಗಳ ಗೋಡೆಯಲ್ಲಿ ಜಾಗ ಸಿಗದಿದ್ದವರಿಗೆ ನೂರು ವರ್ಷದ ಮೇಲೆ ಜಾಗ ದೊರೆಯಿತು. ಕ್ಯಾಂಪರ್‌ಡೌನಿನ ದೊಡ್ಡ ಗಿರಣಿ ವಾಸದ ಮನೆಗಳಾಗಿ ಮಾರ್ಪಟ್ಟಿತು.

ನದಿಯ ಕಡೆಗೂ ಊರು ಮತ್ತೆ ತಿರುಗಿತು. ದಂಡೆಯಲ್ಲಿದ್ದ ಎತ್ತರದ ಸರ್ಕಾರಿ ಕಚೇರಿಯನ್ನು ಕೆಡವಿ ಜಾಗ ಬಿಡಿಸಿದರು. 2018ರಲ್ಲಿ ಜಪಾನಿನ ವಾಸ್ತುಶಿಲ್ಪಿ ಕೆಂಗೊ ಕುಮಾ ರೂಪಿಸಿದ ‘ವಿ ಅಂಡ್ ಎ ಡಂಡಿ’ ಎಂಬ ವಿನ್ಯಾಸ ವಸ್ತುಸಂಗ್ರಹಾಲಯ ಡಿಸ್ಕವರಿ ಹಡಗಿನ ಪಕ್ಕದಲ್ಲಿ ತೆರೆಯಿತು. ಸ್ಕಾಟ್ಲೆಂಡಿನ ಕಡಲ ಬಂಡೆಗಳನ್ನು ನೆನಪಿಗೆ ತರುವ ಆ ಕಟ್ಟಡದ ನಡುವೆ ಕಮಾನಿನಂಥ ತೆರವು ಇದೆ. ಅದರ ಮೂಲಕ ನಡೆದರೆ ನೇರ ನದಿಯ ದಂಡೆ. ಇದೂ ದೋಷರಹಿತವೆಂದಲ್ಲ. ಇಷ್ಟು ಹಣವನ್ನು ಒಂದು ಕಟ್ಟಡಕ್ಕೆ ಸುರಿದರೆ ಬಡ ಬಡಾವಣೆಗಳಿಗೆ ಏನು ಸಿಕ್ಕಿತು ಎಂದು ಕೇಳುವ ಹಕ್ಕು ಊರವರಿಗಿದೆ. ಕೇರ್ಡ್ ಹಾಲ್ ಕಟ್ಟಿದಾಗಲೂ ಕೇಳಬಹುದಾಗಿದ್ದ ಪ್ರಶ್ನೆ ಇದು.

ಪರಂಪರೆ ಎಂದರೆ ಹಳೆಯ ಕಲ್ಲುಗಳ ರಾಶಿಯಲ್ಲ. ಯಾರು ದುಡಿದರು, ಯಾರು ಕೊಟ್ಟರು, ಯಾರು ಕೆಡವಿದರು, ಯಾವ ಕಾರಣಕ್ಕೆ – ಈ ಲೆಕ್ಕವೂ ಅದರಲ್ಲಿ ಸೇರಿದೆ. ಈ ಲೆಕ್ಕವನ್ನು ಯಾರಾದರೂ ಬರೆದಿಡದಿದ್ದರೆ ಕಟ್ಟಡ ಉಳಿದರೂ ಚರಿತ್ರೆ ಉಳಿಯುವುದಿಲ್ಲ.

ವಿಚಾರ ಮಾಡಿ

1. ಹಳೆಯ ಓವರ್‌ಗೇಟಿನಲ್ಲಿ ವಾಸವಿದ್ದ ಒಬ್ಬ ತಾಯಿ, ಅಲ್ಲಿಯ ಅಂಗಡಿಕಾರ, ನಗರಸಭೆಯ ಸದಸ್ಯ – ಈ ಮೂವರೂ ಬೀದಿಯನ್ನು ಕೆಡಹುವ ಯೋಜನೆಯ ಬಗ್ಗೆ ಏನು ಹೇಳಿರಬಹುದು? ತರಗತಿಯಲ್ಲಿ ಚರ್ಚೆ ನಡೆಸಿರಿ.

2. ಕೇರ್ಡ್ ಹಾಲಿಗೆ ಹಣ ಒದಗಿಸಿದವರು ಯಾರು? ಜೇಮ್ಸ್ ಕೇರ್ಡ್ ಎಂದಷ್ಟೇ ಬರೆದರೆ ಉತ್ತರ ಪೂರ್ಣವಾಗುತ್ತದೆಯೆ?

3. ನಿಮ್ಮ ಊರಿನ ಸಂತೆ, ಪೇಟೆ ಅಥವಾ ಪುರಭವನಕ್ಕೆ ಹೋಗಿ ಅದರ ಹೆಸರು ಎಲ್ಲಿಂದ ಬಂತು, ಮೊದಲು ಆ ಜಾಗದಲ್ಲಿ ಏನಿತ್ತು ಎಂದು ಅಲ್ಲಿಯ ಹಿರಿಯರನ್ನು ಕೇಳಿರಿ. ಅವರು ಹೇಳಿದ್ದನ್ನು ದಿನಾಂಕ ಹಾಕಿ ಬರೆದಿಡಿರಿ.